ಕಾಲೇಜ್ ಪಾರ್ಕ್ ಸ್ಕಾಲರ್ಸ್ ಫ್ಲೋರ್‌ಗೆ ಮಗನ್ನ ಸೇರಿಸ್ಬೇಕಾ, ಮಾಮೂಲಿ ಡಾರ್ಮೇ ಸಾಕಾ?

ಎಲಿಕಾಟ್_ಸಿಟಿ_ಅಮ್ಮ:

ಎಲ್ರಿಗೂ ನಮಸ್ಕಾರ. ಮಗಂಗೆ ಯೂನಿವರ್ಸಿಟಿ ಆಫ್ ಮೇರಿಲ್ಯಾಂಡ್, ಕಾಲೇಜ್ ಪಾರ್ಕಲ್ಲಿ ಸೀಟ್ ಆಗಿದೆ. ಅಡ್ಮಿಷನ್ ಜೊತೆಗೇ ಕಾಲೇಜ್ ಪಾರ್ಕ್ ಸ್ಕಾಲರ್ಸ್ ಅನ್ನೋ ಪ್ರೋಗ್ರಾಂಗೆ ಕರೆದಿದಾರೆ, ಅದ್ರಲ್ಲಿ ಸೈನ್ಸ್, ಟೆಕ್ನಾಲಜಿ ಅಂಡ್ ಸೊಸೈಟಿ ಅನ್ನೋ ಗುಂಪು. ನಾನು ಓದಿ ಅರ್ಥ ಮಾಡ್ಕೊಂಡಿದ್ದು ಇಷ್ಟು, ಒಂದೇ ವಿಷಯದಲ್ಲಿ ಆಸಕ್ತಿ ಇರೋ ಫಸ್ಟ್ ಇಯರ್ ಮಕ್ಕಳನ್ನ ನಾರ್ತ್ ಕ್ಯಾಂಪಸ್‌ನ ಕೇಂಬ್ರಿಡ್ಜ್ ಕಮ್ಯುನಿಟಿ ಅನ್ನೋ ಕಡೆ ಒಟ್ಟಿಗೆ ಇರಿಸ್ತಾರೆ, ಕೊಲೋಕ್ವಿಯಂ ಅಂತ ವಾರಕ್ಕೊಂದು ಕ್ಲಾಸ್ ಇರತ್ತೆ, ಎರಡು ವರ್ಷದ ಪ್ರೋಗ್ರಾಂ, ಇಂಟರ್ನ್‌ಶಿಪ್ಪೋ ರಿಸರ್ಚೋ ಸಮಾಜಸೇವೆಯೋ ಏನಾದ್ರೂ ಒಂದು ಪ್ರಾಕ್ಟಿಕಂ ಮಾಡ್ಬೇಕು, ಎಲ್ಲಾ ಮುಗಿಸಿದ್ರೆ ಟ್ರಾನ್ಸ್‌ಕ್ರಿಪ್ಟ್ ಅಂದ್ರೆ ಮಾರ್ಕ್ಸ್ ಕಾರ್ಡ್ ಮೇಲೆ ಸೈಟೇಷನ್ ಅಂತ ವಿಶೇಷ ಉಲ್ಲೇಖ ಬರತ್ತೆ.

ಮಗ ಬೇಡ ಅಂತಿದಾನೆ. ಕಂಪ್ಯೂಟರ್ ಸೈನ್ಸ್ ಮೇಜರ್ ಅವಂದು, "ಕ್ಲಾಸಲ್ಲೂ ಅದೇ, ರೂಮಿಗೆ ಬಂದ್ರೂ ಅದೇ ಮುಖಗಳಾ ಅಮ್ಮಾ" ಅಂತಾನೆ. ನಮ್ಮನೆಯವರು ಕರೆದು ಕೊಟ್ಟಿದ್ದನ್ನ ಯಾಕೆ ಬಿಡೋದು ಅಂತಾರೆ. ಅತ್ತೆ ಹಾಸನದಿಂದ ಬಂದಿದಾರೆ, ಅವರಿಗೆ ಅರ್ಧ ಗಂಟೆ ದೂರದಲ್ಲಿ ಮನೆ ಇಟ್ಕೊಂಡು ಮಗು ಹಾಸ್ಟೆಲ್ಲಲ್ಲಿ ಯಾಕಿರ್ಬೇಕು ಅನ್ನೋದೇ ಅರ್ಥ ಆಗ್ತಿಲ್ಲ.

ನನ್ನ ಚಿಂತೆ ಬೇರೆ. ಇವ್ನು ತಾನಾಗೇ ಹೋಗಿ ಯಾರನ್ನೂ ಮಾತಾಡ್ಸೋನಲ್ಲ. ಹೈಸ್ಕೂಲಲ್ಲಿ ಇದ್ದ ನಾಲ್ಕು ಜನ ಫ್ರೆಂಡ್ಸೂ ಬೇರೆ ಬೇರೆ ಸ್ಟೇಟಿಗೆ ಹೋಗ್ತಿದಾರೆ. ಅಷ್ಟು ದೊಡ್ಡ ಕ್ಯಾಂಪಸಲ್ಲಿ ರೂಮ್ ಬಾಗ್ಲು ಹಾಕ್ಕೊಂಡು ಲ್ಯಾಪ್‌ಟಾಪ್ ಮುಂದೆ ಕೂತ್ಬಿಟ್ರೆ ನಂಗೆ ಗೊತ್ತೂ ಆಗಲ್ಲ. ಈ ಥೀಮ್ ಫ್ಲೋರ್‌ಗಳಿಂದ ನಿಜವಾಗ್ಲೂ ಉಪಯೋಗ ಇದೆಯಾ, ಇಲ್ಲಾ ಹೆಸರಿಗೆ ಮಾತ್ರಾನಾ? ಮಕ್ಕಳನ್ನ ಇಂಥದಕ್ಕೆ ಕಳಿಸಿದೋರು, ಅಲ್ಲಿದ್ದೋರು ದಯವಿಟ್ಟು ಹೇಳಿ. ಮೇ 1ರ ಒಳಗೆ ತೀರ್ಮಾನ ಆಗ್ಬೇಕು.

—

ಟ್ರಾಯ್_ಅಪ್ಪ:

ನಮಸ್ಕಾರ ಮೇಡಂ. ನನ್ನ ಮಗಳು ಆನ್ ಆರ್ಬರ್‌ನ ಮಿಷಿಗನ್ ಯೂನಿವರ್ಸಿಟಿಲಿ, ಮಿಷಿಗನ್ ರಿಸರ್ಚ್ ಕಮ್ಯುನಿಟಿ ಅನ್ನೋದ್ರಲ್ಲಿ ಇದ್ಲು. ಫಸ್ಟ್ ಇಯರಲ್ಲೇ ಒಬ್ಬ ಪ್ರೊಫೆಸರ್ ಹತ್ರ ರಿಸರ್ಚ್ ಕೆಲಸ ಮಾಡೋ ಮಕ್ಕಳೆಲ್ಲ ಒಂದೇ ಹಾಲಲ್ಲಿ ಇರೋ ವ್ಯವಸ್ಥೆ ಅದು. ನಾವು ಸೇರಿಸಿದ್ದು ರಿಸರ್ಚ್ ಆಸೆಗೆ, ಆದ್ರೆ ನಿಜವಾಗಿ ಕೈ ಹಿಡಿದಿದ್ದು ಬೇರೇನೇ.

ಮಿಷಿಗನ್‌ನಲ್ಲಿ ಒಂದು ಪದ್ಧತಿ ಇದೆ, ಕೆಮಿಸ್ಟ್ರಿ ಚೆನ್ನಾಗಿರೋ ಮಕ್ಕಳು ಕಾಲೇಜಿಗೆ ಕಾಲಿಟ್ಟ ಮೊದಲ ಸೆಮಿಸ್ಟರಲ್ಲೇ ಆರ್ಗ್ಯಾನಿಕ್ ಕೆಮಿಸ್ಟ್ರಿ ತಗೋತಾರೆ, ಬೇರೆ ಕಡೆ ಸಾಮಾನ್ಯವಾಗಿ ಎರಡನೇ ವರ್ಷಕ್ಕೆ ಬರೋ ಕೋರ್ಸ್ ಅದು. ನೂರಾರು ಜನ ಕೂರೋ ಲೆಕ್ಚರ್ ಹಾಲ್. ಮೊದಲ ಎಕ್ಸಾಮಲ್ಲಿ ಮಾರ್ಕ್ಸ್ ಬಿದ್ದೋಯ್ತು, ರಾತ್ರಿ ಫೋನ್ ಮಾಡಿ ಅತ್ಲು. ಆದ್ರೆ ಅದೇ ಕಾರಿಡಾರಲ್ಲಿ ಇನ್ನೂ ಮೂರ್ನಾಲ್ಕು ಹುಡುಗೀರು ಅದೇ ಎಕ್ಸಾಮಲ್ಲಿ ಅದೇ ಥರ ಆಗಿ ಕೂತಿದ್ರು. ಲೌಂಜಲ್ಲಿ ಒಂದು ವೈಟ್‌ಬೋರ್ಡ್ ಇತ್ತಂತೆ, ಅಲ್ಲಿಂದ ಮುಂದೆ ದಿನಾ ರಾತ್ರಿ ಊಟ ಆದ್ಮೇಲೆ ಆ ಬೋರ್ಡ್ ಮುಂದೆ ಸೇರಿ ಒಬ್ಬಳು ಮೆಕ್ಯಾನಿಸಂ ಬರೆಯೋದು, ಬಾಣದ ಗುರುತು ತಪ್ಪಾಗಿ ಹಾಕಿದ್ರೆ ಇನ್ನೊಬ್ಬಳು ಅಳಿಸೋದು. ಒಂದು ಸಲ ಫೇಸ್‌ಟೈಮಲ್ಲಿ ತೋರಿಸಿದ್ಲು, ಬೋರ್ಡ್ ತುಂಬಾ ಷಟ್ಕೋನಗಳು, ನೆಲದ ಮೇಲೆ ನಮ್ಮನೆಯಿಂದ ತಗೊಂಡೋದ ಚಕ್ಕುಲಿ ಡಬ್ಬ ಖಾಲಿ. ಸ್ಟಡಿ ಗ್ರೂಪ್ ಮಾಡ್ಕೋ ಅಂತ ನಾವು ಮನೇಲಿ ಎಷ್ಟು ಹೇಳಿದ್ರೂ ಅದು ಆಗ್ತಿರ್ಲಿಲ್ಲ ಬಿಡಿ, ಚಪ್ಪಲಿ ಹಾಕ್ಕೊಂಡು ನಾಲ್ಕು ಹೆಜ್ಜೆ ಇಟ್ರೆ ಸಿಗೋ ದೂರದಲ್ಲಿ ಜನ ಇದ್ದಿದ್ದಕ್ಕೇ ಆಗಿದ್ದು.

ನಾಚಿಕೆ ಸ್ವಭಾವದ ಮಗ ಅಂದ್ರಲ್ಲ, ಅಂಥ ಮಕ್ಕಳಿಗೇ ಇದು ಜಾಸ್ತಿ ಬೇಕು ಅನ್ನೋದು ನನ್ನ ಅಭಿಪ್ರಾಯ. ಚೂಟಿ ಇರೋ ಮಕ್ಕಳು ಎಲ್ಲಿ ಬಿಟ್ರೂ ಗುಂಪು ಕಟ್ಕೋತಾರೆ. ಇನ್ನು ಅಜ್ಜಿಗೆ ಹೇಳಿ, ಮನೆಯಿಂದ ಓಡಾಡೋ ಮಕ್ಕಳಿಗೆ ಕ್ಲಾಸ್ ಮುಗಿದ್ಮೇಲೆ ನಡಿಯೋ ಯಾವುದೂ ಸಿಗಲ್ಲ, ಸಾಯಂಕಾಲ 6ಕ್ಕೆ ಬೆಲ್ಟ್‌ವೇ ರಿಂಗ್ ರೋಡಿನ ಟ್ರಾಫಿಕ್ ಮಾತ್ರ ಸಿಗತ್ತೆ. ಶನಿವಾರ ಬಂದು ಸಾರು ಅನ್ನ ಉಂಡು ಹೋಗ್ತಾನೆ ಅಂದ್ರೆ ಸಮಾಧಾನ ಆಗ್ತಾರೆ.

—

ಮಾಜಿ_ಆರ್‌ಎ:

ಅಕ್ಕ, ನಾನು ಮಿಡ್‌ವೆಸ್ಟಿನ ಒಂದು ದೊಡ್ಡ ಸ್ಟೇಟ್ ಯೂನಿವರ್ಸಿಟಿಲಿ ಓದುವಾಗ ರೆಸಿಡೆಂಟ್ ಅಸಿಸ್ಟೆಂಟ್ ಆಗಿದ್ದೆ, ಅಂದ್ರೆ ಫ್ಲೋರಲ್ಲೇ ಇದ್ಕೊಂಡು ಅಲ್ಲಿರೋ ಮಕ್ಕಳನ್ನ ನೋಡ್ಕೊಳ್ಳೋ ಸೀನಿಯರ್ ಸ್ಟೂಡೆಂಟ್. ಹೆಸರು ಹೇಳಲ್ಲ, ಆದ್ರೆ ಒಳ್ಳೇ ಥೀಮ್ ಫ್ಲೋರೂ ನೋಡಿದೀನಿ ಬೋರ್ಡಿಗೆ ಮಾತ್ರ ಥೀಮ್ ಇದ್ದ ಫ್ಲೋರೂ ನೋಡಿದೀನಿ, ಎರಡಕ್ಕೂ ಆಕಾಶ ಭೂಮಿ ವ್ಯತ್ಯಾಸ ಇದೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ನಂಗೆ ಮೊದಲ ವರ್ಷ ಕೊಟ್ಟಿದ್ದು ಪರಿಸರದ ಥೀಮ್ ಇದ್ದ ಫ್ಲೋರು. ಕೇಳೋಕೆ ಚೆನ್ನಾಗಿತ್ತು. ಆದ್ರೆ ಆ ವಿಷಯ ಕೇಳ್ಕೊಂಡು ಬಂದ ಮಕ್ಕಳು ಅರ್ಧ ಫ್ಲೋರೂ ಇರ್ಲಿಲ್ಲ, ಹೌಸಿಂಗ್ ಆಫೀಸಿನೋರು ಖಾಲಿ ಉಳಿದ ಹಾಸಿಗೆಗಳಿಗೆಲ್ಲ ಯಾರ್ಯಾರನ್ನೋ ತುಂಬಿಸಿದ್ರು. ಒಟ್ಟಿಗೆ ಯಾವ ಕ್ಲಾಸೂ ಇಲ್ಲ, ಆ ಕಡೆ ಸುಳಿಯೋ ಒಬ್ಬ ಪ್ರೊಫೆಸರೂ ಇಲ್ಲ. ನಾನು ಬುಲೆಟಿನ್ ಬೋರ್ಡಿಗೆ ಹಸಿರು ಪೇಪರ್ ಅಂಟಿಸಿ ಮರುಬಳಕೆ ಬಗ್ಗೆ ಪೋಸ್ಟರ್ ಹಾಕೋದು, ತಿಂಗಳಿಗೊಮ್ಮೆ ಪಿಜ್ಜಾ ತರಿಸೋದು, ಮಕ್ಕಳು ಬಂದು ಪಿಜ್ಜಾ ಎತ್ಕೊಂಡು ರೂಮಿಗೆ ಹೋಗೋದು. ಆ ಮಕ್ಕಳ ತಪ್ಪಲ್ಲ ಅದು, ಅವರನ್ನ ಅಲ್ಲಿ ಕಟ್ಟಿ ಹಾಕೋಕೆ ಏನೂ ಇರ್ಲಿಲ್ಲ.

ಮುಂದಿನ ವರ್ಷ ಎಂಜಿನಿಯರಿಂಗ್ ಫ್ಲೋರ್ ಕೊಟ್ರು. ಅಲ್ಲಿ ಕ್ಯಾಲ್ಕುಲಸ್‌ನ ಒಂದು ಸೆಕ್ಷನ್ ಪೂರ್ತಿ ಈ ಫ್ಲೋರಿನ ಮಕ್ಕಳಿಗೇ ಅಂತ ಮೀಸಲಿಟ್ಟಿದ್ರು, ಹೋದ ವರ್ಷ ಅಲ್ಲೇ ಇದ್ದ ಸೆಕೆಂಡ್ ಇಯರ್ ಮಕ್ಕಳು ಕೆಲವರು ಮೆಂಟರ್ ಆಗಿ ಅದೇ ಕಾರಿಡಾರಲ್ಲಿ ಉಳ್ಕೊಂಡಿದ್ರು, ಅಡ್ವೈಸರ್ ಒಬ್ರು ವಾರಕ್ಕೆ ಒಂದು ಸಂಜೆ ಕೆಳಗಿನ ಲೌಂಜಲ್ಲಿ ಕೂರ್ತಿದ್ರು. ಬೆಳಿಗ್ಗೆ ಎಂಟೂವರೆ ಕ್ಲಾಸಿಗೆ ಎಂಟು ಹತ್ತಕ್ಕೆ ಕಾರಿಡಾರಲ್ಲಿ ಬಾಗಿಲು ತಟ್ಟೋ ಸದ್ದು ಶುರು ಆಗೋದು, ಏಳದೇ ಇದ್ದೋರನ್ನ ಎಬ್ಬಿಸ್ಕೊಂಡು ಹೋಗೋರು. ಯಾರಾದ್ರೂ ಎರಡು ದಿನ ಕಾಣಿಸ್ಲಿಲ್ಲ ಅಂದ್ರೆ ನಂಗಿಂತ ಮುಂಚೆ ಪಕ್ಕದ ರೂಮಿನೋರಿಗೆ ಗೊತ್ತಾಗ್ತಿತ್ತು. ನಿಮ್ಮ ಚಿಂತೆ ಇರೋದು ಇದರ ಬಗ್ಗೆನೇ ತಾನೆ ಅಕ್ಕ.

ಅದಕ್ಕೇ ಥೀಮ್ ಹೆಸರು ನೋಡ್ಬೇಡಿ, ಒಂದು ಮಂಗಳವಾರ ರಾತ್ರಿ ಎಂಟು ಗಂಟೆಗೆ ಅಲ್ಲಿ ಏನು ನಡೀತಿರತ್ತೆ ಅಂತ ಈಗ ಅಲ್ಲಿರೋ ಮಕ್ಕಳನ್ನೇ ಕೇಳಿ, ಆಫೀಸಿನೋರನ್ನಲ್ಲ. ಒಟ್ಟಿಗೆ ಕೂರೋ ಕ್ಲಾಸ್ ಇದೆಯಾ, ಮೇಷ್ಟ್ರು ಯಾರಾದ್ರೂ ಅಲ್ಲಿಗೆ ಬರ್ತಾರಾ, ಹಳೇ ಮಕ್ಕಳು ಎರಡನೇ ವರ್ಷನೂ ಅಲ್ಲೇ ಇರೋಕೆ ಇಷ್ಟಪಡ್ತಾರಾ. ನೀವು ಹೇಳ್ತಿರೋ ಸ್ಕಾಲರ್ಸ್‌ನಲ್ಲಿ ಕೊಲೋಕ್ವಿಯಂ ಇದೆ, ಒಂದೊಂದು ಗುಂಪಿಗೂ ಫ್ಯಾಕಲ್ಟಿ ಡೈರೆಕ್ಟರ್ ಇರ್ತಾರೆ, 1994ರಿಂದ ನಡ್ಕೊಂಡು ಬಂದಿರೋದು, ಹಾಗಾಗಿ ಅದು ಬೋರ್ಡಿನ ಥೀಮ್ ಅಲ್ಲ, ಕಟ್ಟಿರೋ ಪ್ರೋಗ್ರಾಂ. ಇನ್ನೊಂದು ಕೇಳ್ಕೊಳ್ಳಿ, ಒಂದು ಸೆಮಿಸ್ಟರ್ ಆದ್ಮೇಲೆ ಹಿಡಿಸ್ಲಿಲ್ಲ ಅಂದ್ರೆ ಬಿಡೋಕೆ ಆಗತ್ತಾ, ಬಿಟ್ರೆ ರೂಮ್ ಕಥೆ ಏನು, ಆಮೇಲೆ ಪ್ರೋಗ್ರಾಂಗೆ ಅಂತ ಬೇರೆ ಫೀಸ್ ಇದೆಯಾ.

ಮಗಂಗೆ ಒಂದು ಮಾತು ಹೇಳಿ. ಅದೇ ಮುಖಗಳು ಅಂತ ಅವ್ನು ಅಂದ್ಕೊಂಡಿದಾನೆ, ಆದ್ರೆ ಸೈನ್ಸ್, ಟೆಕ್ನಾಲಜಿ ಅಂಡ್ ಸೊಸೈಟಿಲಿ ಕಂಪ್ಯೂಟರ್ ಸೈನ್ಸಿನೋರು ಮಾತ್ರ ಇರಲ್ಲ, ಬೇರೆ ಬೇರೆ ಮೇಜರ್ ಮಕ್ಕಳು ಬರ್ತಾರೆ. ಮಾಮೂಲಿ ಡಾರ್ಮಲ್ಲಿ ಇದ್ಕೊಂಡು ಸಿಎಸ್ ಮಕ್ಕಳ ಜೊತೆನೇ ನಾಲ್ಕು ವರ್ಷ ಕಳೆದುಬಿಡೋ ಸಾಧ್ಯತೆ ಜಾಸ್ತಿ.

ಮತ್ತೆ ರೂಮ್‌ಮೇಟ್ ವಿಷಯಕ್ಕೆ ಥೀಮ್ ಏನೂ ಗ್ಯಾರಂಟಿ ಕೊಡಲ್ಲ. ಶುರುವಿನ ವಾರಗಳಲ್ಲಿ ರೂಮ್‌ಮೇಟ್ ಅಗ್ರಿಮೆಂಟ್ ಅಂತ ಒಂದು ಹಾಳೆ ತುಂಬಿಸ್ತಾರೆ, ಎಷ್ಟೊತ್ತಿಗೆ ಲೈಟ್ ಆರಿಸೋದು, ಫ್ರೆಂಡ್ಸ್ ಬಂದ್ರೆ ಹೇಳ್ಬೇಕಾ, ಯಾರ ತಿಂಡಿ ಯಾರು ಮುಟ್ಬಹುದು ಅಂತೆಲ್ಲ. ನಮ್ಮ ಮಕ್ಕಳು ಸಂಕೋಚಕ್ಕೆ ಎಲ್ಲದಕ್ಕೂ ಪರವಾಗಿಲ್ಲ ಅಂತ ಬರೆದುಬಿಡ್ತಾರೆ, ಅಕ್ಟೋಬರಲ್ಲಿ ನಿದ್ದೆ ಇಲ್ಲದೆ ಒದ್ದಾಡ್ತಾರೆ. ಆ ಹಾಳೆನ ನಿಜವಾಗಿ ತುಂಬು ಅಂತ ಹೇಳಿ ಕಳಿಸಿ.

—

ಧಾರವಾಡ_ಟು_ಮ್ಯಾಡಿಸನ್:

ಅಕ್ಕಾರ, ನಾ ಇಲ್ಲೆ ಮ್ಯಾಡಿಸನ್‌ದಾಗ ಶಿಕ್ಷಣದ ಕ್ಷೇತ್ರದಾಗ ಕೆಲಸಾ ಮಾಡ್ತೀನಿ. ಮ್ಯಾಲಿನವರು ಹೇಳಿದ್ದು ಖರೇ ಅದ, ಆದ್ರ ಇದರ ಹಿಂದಿನ ಕಥಿ ಗೊತ್ತಿದ್ರ ನಿಮಗ ವಿಚಾರ ಮಾಡ್ಲಿಕ್ಕೆ ಅನುಕೂಲ ಆಗ್ತದ ಅಂತ ಬರ್ಯಾಕತ್ತೀನಿ.

ಇದು ಹೊಸಾದ್ದೇನಲ್ಲ. 1927ರಾಗ ಇದ ವಿಸ್ಕಾನ್ಸಿನ್ ಯೂನಿವರ್ಸಿಟಿಯೊಳಗ ಅಲೆಕ್ಸಾಂಡರ್ ಮೀಕಲ್‌ಜಾನ್ ಅನ್ನೋರು ಎಕ್ಸ್‌ಪೆರಿಮೆಂಟಲ್ ಕಾಲೇಜ್ ಅಂತ ಸುರು ಮಾಡಿದ್ರು. ಆಡಮ್ಸ್ ಹಾಲ್ ಅಂತ ಸರೋವರದ ದಂಡಿಗೆ ಅದ, ಈಗೂ ಅದು ಹಾಸ್ಟೆಲ್ಲ. ಹುಡುಗ್ರು ಅಲ್ಲೇ ಇರೋದು, ಕಲಸೋ ಮಾಸ್ತರದ ಆಫೀಸೂ ಅದ ಕಟ್ಟಡದಾಗ. ಮೊದಲನೇ ವರ್ಷ ಪೂರಾ ಪ್ರಾಚೀನ ಅಥೆನ್ಸ್ ಬಗ್ಗೆ ಓದೋದು, ಎರಡನೇ ವರ್ಷ ಅಮೆರಿಕಾದ ಬಗ್ಗೆ. 1932ಕ್ಕ ಮುಚ್ಚಿತು. ಐದ ವರ್ಷ ನಡೀತು, ಆದ್ರ ಓದೋದು ಮತ್ತ ಇರೋದು ಒಂದ ಸೂರಿನ ಕೆಳಗ ಇರಬೇಕು ಅನ್ನೋ ವಿಚಾರ ಉಳೀತು.

ಮತ್ತ ಅದು ಜೋರಾಗಿ ಬಂದದ್ದು 1960ರ ದಶಕದಾಗ. ಯುದ್ಧದ ನಂತರ ಹುಟ್ಟಿದ ಮಕ್ಕಳೆಲ್ಲಾ ಕಾಲೇಜಿಗೆ ಬಂದು ಯೂನಿವರ್ಸಿಟಿಗಳು ಊರಷ್ಟ ದೊಡ್ಡವಾದ್ವು, ಹುಡುಗ್ರ ಹೆಸರು ಮಾಸ್ತರಿಗೆ ಗೊತ್ತಿಲ್ಲದಂಗ ಆತು. ಆವಾಗ ದೊಡ್ಡದರೊಳಗ ಸಣ್ಣ ಸಣ್ಣ ಕಾಲೇಜು ಮಾಡಿದ್ರು. 1967ರಾಗ ಮಿಷಿಗನ್ ಸ್ಟೇಟ್‌ದಾಗ ಜೇಮ್ಸ್ ಮ್ಯಾಡಿಸನ್ ಕಾಲೇಜು, ಲೈಮನ್ ಬ್ರಿಗ್ಸ್ ಕಾಲೇಜು, ಅದ ವರ್ಷ ಆನ್ ಆರ್ಬರ್‌ದಾಗ ರೆಸಿಡೆನ್ಶಿಯಲ್ ಕಾಲೇಜು. 1972ರಾಗ ಇಲಿನಾಯ್‌ದಾಗ ಆಲೆನ್ ಹಾಲ್‌ನ ಯೂನಿಟ್ ಒನ್. ಇವೆಲ್ಲಾ ಇವತ್ತಿಗೂ ನಡದಾವ. ನಿಮ್ಮ ಮಗನ ಪ್ರೋಗ್ರಾಮೂ ಅದ ವಂಶದ್ದ.

ಈಗ ಉಪಯೋಗದ ಮಾತು. ಇದರ ಬಗ್ಗೆ ದೊಡ್ಡ ಸರ್ವೇ ಆಗಿದ್ದು 2004 ಮತ್ತ 2007ರಾಗ, ಕ್ಯಾರನ್ ಇಂಕಲಸ್ ಅನ್ನೋರ ಮುಂದಾಳತ್ವದಾಗ, ಹತ್ತಾರು ಕ್ಯಾಂಪಸ್ಸಿನ ಮಕ್ಕಳನ್ನ ಕೇಳಿ ಮಾಡಿದ್ದು. ಇಂಥಾ ಕಡೆ ಇದ್ದ ಮಕ್ಕಳು ಹೈಸ್ಕೂಲಿನಿಂದ ಕಾಲೇಜಿಗೆ ಹೊಂದಿಕೊಳ್ಳೋದು ಸಲೀಸಾತು ಅಂತ ಹೇಳಿದ್ರು, ಅದರಾಗೂ ಮನಿಯೊಳಗ ಮೊದಲನೇ ಸಲ ಕಾಲೇಜ್ ಮೆಟ್ಟಿಲು ಹತ್ತಿದ ಮಕ್ಕಳಿಗೆ. ಆದ್ರ ಒಂದು ಮಾತು ಮರೀಬ್ಯಾಡ್ರಿ, ಇಂಥಾದ್ದಕ್ಕ ಸೇರೋ ಮಕ್ಕಳು ಮೊದಲ ಸ್ವಲ್ಪ ಆಸ್ಥೆ ಇದ್ದವರ ಇರ್ತಾರ. ಹಿಂಗಾಗಿ ಎಷ್ಟು ಪ್ರೋಗ್ರಾಮಿಂದ ಆತು, ಎಷ್ಟು ಹುಡುಗನ ಗುಣದಿಂದ ಆತು ಅಂತ ಬಿಡಿಸಿ ಹೇಳೋದು ಬಾಳ ಕಷ್ಟ. ಸೇರಿಸಿದ್ರ ಮಾರ್ಕ್ಸ್ ಏರ್ತಾವ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಹೊಂದಿಕೊಳ್ಳೋದು ಹಗರ ಆಗ್ತದ ಅಂದ್ರ ನಂಬ್ರಿ.

ಇನ್ನೊಂದು, ಇಲ್ಲೆ ಯಾರೂ ಕೇಳಿಲ್ಲ ಆದ್ರೂ ಹೇಳ್ತೀನಿ. ವಿಷಯದ ಮ್ಯಾಲಷ್ಟ ಅಲ್ಲ, ಸಮುದಾಯದ ಮ್ಯಾಲೂ ಇಂಥಾ ಹಾಲ್ ಅದಾವ. ಕಾರ್ನೆಲ್ ಯೂನಿವರ್ಸಿಟಿಯೊಳಗ ಕಪ್ಪು ಜನಾಂಗದ ಮಕ್ಕಳಿಗಾಗಿ ಉಜಾಮಾ 1972ರಾಗ ಸುರು ಆತು, ಮೂಲನಿವಾಸಿಗಳ ಸಂಸ್ಕೃತಿಗೆ ಅಂತ ಅಕ್ವೆಕಾನ್ 1991ರಾಗ. ಎರಡಕ್ಕೂ ಬ್ಯಾರೆಯವರೂ ಸೇರಬಹುದು. ಇದು ಮಕ್ಕಳನ್ನ ಬ್ಯಾರೆ ಮಾಡ್ತದ ಅಂತ ತಕರಾರು ಮಾಡಿದವರು ಬಾಳ ಮಂದಿ. ನಾ ಆ ಮಾತು ಒಪ್ಪೂದಿಲ್ಲ. ನಮ್ಮ ಅಪ್ಪಾರು ಹಳ್ಳಿಯಿಂದ ಧಾರವಾಡಕ್ಕ ಬಂದು ಮುರುಘಾಮಠದ ಪ್ರಸಾದ ನಿಲಯದಾಗ ಇದ್ದು ಓದಿದವರು. ಅಲ್ಲೆ ಎರಡ ಹೊತ್ತು ಊಟ ಸಿಕ್ಕಿದ್ದಕ್ಕ ಡಿಗ್ರಿ ಆತು, ಜೀವನಪೂರ್ತಿ ಗೆಳ್ಯಾರೂ ಅಲ್ಲೇ ಸಿಕ್ಕರು, ಅಲ್ಲಿಂದ ಕರ್ನಾಟಕ ಕಾಲೇಜಿಗೆ ಹೋಗಿ ಎಲ್ಲಾ ನಮೂನಿ ಮಂದಿ ಜೋಡಿ ಬೆರೆತರು. ತನ್ನವರು ಅನ್ನೋರು ನಾಲ್ಕ ಮಂದಿ ಇದ್ದಾಗ ಹೊರಗ ಹೋಗ್ಲಿಕ್ಕೆ ಧೈರ್ಯ ಬರ್ತದ. ನಿಮ್ಮ ಹುಡುಗಗೂ ಬೇಕಾಗಿದ್ದು ಅದ ಅನಸ್ತದ.

—

ಜಯನಗರ_ನಾಲ್ಕನೇ_ಬ್ಲಾಕ್:

ಆಂಟಿ, ನಾನು ಬೆಂಗಳೂರಲ್ಲಿ ಪಿಯುಸಿ ಮುಗಿಸಿ ಅಂಡರ್‌ಗ್ರಾಡ್‌ಗೆ ಈ ದೇಶಕ್ಕೆ ಬಂದೋಳು, ನಂಗೆ ಇಂಟರ್‌ನ್ಯಾಷನಲ್ ಥೀಮ್ ಫ್ಲೋರ್ ಸಿಕ್ಕಿತ್ತು, ಅರ್ಧ ಜನ ಹೊರದೇಶದೋರು ಅರ್ಧ ಅಮೆರಿಕನ್ಸು. ಒಳ್ಳೇದು ಜಾಸ್ತಿ ಇತ್ತು, ಮೊದಲ ಸ್ನೋ ಬಿದ್ದಾಗ ಬ್ರೆಜಿಲ್ ಹುಡುಗಿ ನಾನು ಒಟ್ಟಿಗೆ ಹೊರಗೆ ಓಡಿದ್ದು, ದೀಪಾವಳಿಗೆ ಎಲ್ರೂ ಸೇರಿ ಬ್ಯಾಟರಿ ದೀಪ ಹಚ್ಚಿದ್ದು (ನಿಜವಾದ ಮೇಣದಬತ್ತಿ ಡಾರ್ಮಲ್ಲಿ ಹಚ್ಚೋ ಹಾಗಿಲ್ಲ). ಆದ್ರೆ ಕೆಲವು ವಿಷಯ ಯಾರೂ ಮುಂಚೆ ಹೇಳಲ್ಲ ಅದಕ್ಕೆ ಬರೀತಿದೀನಿ.

ವಿಂಟರ್ ಬ್ರೇಕಲ್ಲಿ ಎಷ್ಟೋ ಹಾಲ್ ಮುಚ್ಚಿಬಿಡ್ತಾರೆ. ಇಂಟರ್‌ನ್ಯಾಷನಲ್ ಅಂತ ಹೆಸರಿಟ್ಟ ನಮ್ಮ ಫ್ಲೋರೂ ಮುಚ್ಚಿದ್ರು, ಡಿಸೆಂಬರಲ್ಲಿ ಹೋಗೋಕೆ ಜಾಗ ಇಲ್ಲದೆ ಕನ್ನಡ ಕೂಟದಲ್ಲಿ ಪರಿಚಯ ಆಗಿದ್ದ ಒಂದು ಫ್ಯಾಮಿಲಿ ಮನೇಲಿ ಉಳ್ಕೊಂಡೆ, ಅವರ ಋಣ ತೀರ್ಸೋಕಾಗಲ್ಲ. ನಿಮ್ಮ ಮಗಂಗೆ ಮನೆ ಹತ್ರ ಇದೆ ತೊಂದ್ರೆ ಇಲ್ಲ, ಆದ್ರೆ ಅವ್ನ ಫ್ಲೋರಲ್ಲಿ ಅಂಥ ಮಕ್ಕಳಿದ್ರೆ ಥ್ಯಾಂಕ್ಸ್‌ಗಿವಿಂಗಿಗೆ ಮನೆಗೆ ಕರೀರಿ ಪ್ಲೀಸ್. ರೈಸ್ ಕುಕ್ಕರ್ ತುಂಬಾ ಕಡೆ ರೂಮಲ್ಲಿ ಇಡೋಕೆ ಬಿಡಲ್ಲ, ತಗೊಳ್ಳೋ ಮುಂಚೆ ಹಾಲ್ ರೂಲ್ಸ್ ನೋಡಿ.

ಕುಡಿಯೋದು ಗಿಡಿಯೋದು ಬಗ್ಗೆ ಚಿಂತೆ ಇದ್ರೆ ಸಬ್‌ಸ್ಟೆನ್ಸ್ ಫ್ರೀ ಫ್ಲೋರ್ ಅಂತಾನೂ ಇರತ್ತೆ ಬೇರೆ ಬೇರೆ ಯೂನಿವರ್ಸಿಟಿಲಿ. ವರ್ಮಾಂಟ್ ಯೂನಿವರ್ಸಿಟಿಲಿ 2015ರಲ್ಲಿ ವೆಲ್‌ನೆಸ್ ಎನ್ವಿರಾನ್ಮೆಂಟ್ ಅಂತ ಶುರು ಆಯ್ತು, ಜಿಮ್ ಹುಡ್ಜಿಯಾಕ್ ಅನ್ನೋ ಮಕ್ಕಳ ಮನೋವೈದ್ಯರು ಮಾಡಿದ್ದು. ಹಾಲಲ್ಲಿ ಮದ್ಯ ಡ್ರಗ್ಸ್ ಇರ್ಲಿಲ್ಲ, ಬರೀ ಬೇಡ ಅನ್ನೋದಷ್ಟೇ ಅಲ್ಲ, ಯೋಗ ಧ್ಯಾನ ವ್ಯಾಯಾಮ ಎಲ್ಲಾ ಅಲ್ಲೇ ಇತ್ತು, ಮೆದುಳಿನ ಆರೋಗ್ಯದ ಬಗ್ಗೆ ಒಂದು ಕೋರ್ಸೂ ತಗೋಬೇಕಿತ್ತು. ನನ್ನ ಕಸಿನ್ ಅಲ್ಲಿದ್ದ, ರಾತ್ರಿ ನಿದ್ದೆ ಮಾಡೋ ಮಕ್ಕಳ ಮಧ್ಯೆ ಇರೋದೇ ಭಾಗ್ಯ ಅಂತಿದ್ದ.

ಆದ್ರೆ ಆಂಟಿ, ಏನೇ ಮಾಡಿದ್ರೂ ಅವ್ನೇ ಹೂಂ ಅಂದ್ರೆ ಮಾತ್ರ ಸೇರಿಸಿ. ಅಪ್ಪ ಅಮ್ಮ ಫಾರ್ಮ್ ತುಂಬಿ ಕಳಿಸಿದ್ದ ಒಬ್ಬ ಹುಡುಗ ನಮ್ಮ ಫ್ಲೋರಲ್ಲಿದ್ದ, ಒಂದು ಮೀಟಿಂಗಿಗೂ ಬರ್ಲಿಲ್ಲ, ಊಟಾನೂ ಒಬ್ನೇ ಮಾಡ್ತಿದ್ದ, ಸ್ಪ್ರಿಂಗಲ್ಲಿ ಬೇರೆ ಹಾಲಿಗೆ ಹೋದ. ನಾವು ಕರೀಲಿಲ್ಲ ಅಂತಲ್ಲ, ಅವ್ನಿಗೆ ಅಲ್ಲಿರೋ ಮನಸ್ಸೇ ಇರ್ಲಿಲ್ಲ.

—

ಎಲಿಕಾಟ್_ಸಿಟಿ_ಅಮ್ಮ:

ಇಷ್ಟೆಲ್ಲ ಸಮಯ ತಗೊಂಡು ಬರೆದಿದೀರಲ್ಲ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಜಯನಗರದ ಪುಟ್ಟಿ, ನಿನ್ನ ಮಾತು ನಂಗೆ ನಾಟ್ತು ಕಣಮ್ಮ, ಡಿಸೆಂಬರಲ್ಲಿ ಆ ಥರ ಇದ್ಯಲ್ಲ ಅಂತ ಓದಿ ಸಂಕಟ ಆಯ್ತು. ನಮ್ಮನೇಲಿ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಎಷ್ಟು ಜನ ಬಂದ್ರೂ ಬಿಸಿಬೇಳೆಬಾತ್ ಇರತ್ತೆ.

ನಿಮ್ಮ ಉತ್ತರಗಳನ್ನೆಲ್ಲ ಮಗಂಗೆ ಓದಿ ಹೇಳ್ದೆ, ಧಾರವಾಡದ ಸರ್ ಬರೆದಿದ್ದನ್ನ ಅತ್ತೆನೂ ಕೂತು ಕೇಳಿದ್ರು, ಮಠದ ಹಾಸ್ಟೆಲ್ ಮಾತು ಬಂದ್ಮೇಲೆ ಮನೆಯಿಂದ ಓಡಾಡ್ಲಿ ಅನ್ನೋದು ನಿಲ್ಲಿಸಿದಾರೆ. ಮಗ ಇನ್ನೂ ಹೂಂ ಅಂದಿಲ್ಲ. ಆದ್ರೆ ಬೇರೆ ಮೇಜರ್ ಮಕ್ಕಳೂ ಇರ್ತಾರೆ ಅಂದಿದ್ದಕ್ಕೆ ಹೌದಾ ಅಂದ, ಆಮೇಲೆ ಅವ್ನೇ ಪ್ರೋಗ್ರಾಂ ಆಫೀಸಿಗೆ ಇಮೇಲ್ ಹಾಕಿ ಈಗ ಓದ್ತಿರೋ ಸ್ಟೂಡೆಂಟ್ ಒಬ್ರ ಜೊತೆ ಮಾತಾಡ್ಬಹುದಾ ಅಂತ ಕೇಳಿದಾನೆ. ಮಂಗಳವಾರ ರಾತ್ರಿ ಪ್ರಶ್ನೆನೂ ಕೇಳ್ತಾನಂತೆ, ಮಧ್ಯದಲ್ಲಿ ಬಿಡೋಕಾಗತ್ತಾ ಅನ್ನೋದನ್ನೂ. ನಾನು ಇನ್ನು ಒತ್ತಾಯ ಮಾಡಲ್ಲ, ಅವ್ನು ಮಾತಾಡಿ ಬಂದು ಏನು ಹೇಳ್ತಾನೋ ಅದೇ.

ಯಾವ ಹಾಲ್ ಆದ್ರೂ ಬೆಡ್‌ಶೀಟ್ ಅಂತೂ ಬೇಕೇ ಬೇಕಲ್ಲ, ಮನೇಲಿರೋ ಟ್ವಿನ್ ಸೈಜ್ ಆಗತ್ತಾ?

—

ಟ್ರಾಯ್_ಅಪ್ಪ:

ಸಾಮಾನ್ಯವಾಗಿ ಆಗಲ್ಲ ಮೇಡಂ, ಡಾರ್ಮ್ ಹಾಸಿಗೆಗಳು ಹೆಚ್ಚಾಗಿ ಟ್ವಿನ್ ಎಕ್ಸ್‌ಎಲ್. ಅಗಲ ಎರಡೂ ಒಂದೇ, ಉದ್ದ ಮಾಮೂಲಿ ಟ್ವಿನ್ 75 ಇಂಚು, ಎಕ್ಸ್‌ಎಲ್ 80 ಇಂಚು, ಚಿಕ್ಕದು ಹಾಕಿದ್ರೆ ಮೂಲೆ ಕಿತ್ಕೊಂಡು ಬರತ್ತೆ. ಹೌಸಿಂಗಿನೋರ ಪಟ್ಟೀಲಿ ಅಳತೆ ಕೊಟ್ಟಿರ್ತಾರೆ, ನೋಡ್ಕೊಂಡು ಜುಲೈಯಲ್ಲೇ ತಗೊಳ್ಳಿ, ಆಗಸ್ಟ್ ಬಂದ್ರೆ ಅಂಗಡೀಲಿ ಬೇಕಾದ ಬಣ್ಣ ಒಂದೂ ಉಳಿದಿರಲ್ಲ.